ಕಣ್ಣಿಗೆ ಗ್ಯಾಸ್, ಕತ್ತು ಕೆಳಗೆ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯ ಗೇಟಿನ ಮುಂದೆ ನೆಲ ನೋಡಿಕೊಂಡು ನಿಂತಿದ್ದೆ. ಅಷ್ಟೇ. ಬೇರೇನೂ ಮಾಡಿರಲಿಲ್ಲ.

ಎದುರು ಮನೆಯ ಮುನಿಯಮ್ಮ ಪೊರಕೆ ಬಿಸಾಕಿ ಓಡಿಬಂದಳು. "ಏನ್ ಬಿದ್ದೋಯ್ತು ಜಯಮ್ಮೋರೆ? ಓಲೆನಾ? ಮೂಗುತಿನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮಂಡಿಯೂರಿ ಹುಡುಕತೊಡಗಿದ್ದಳು. ಹಾಲು ತರಲು ಹೊರಟಿದ್ದ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಮೊಬೈಲ್ ಟಾರ್ಚ್ ಹಾಕಿದರು (ಸುಡುವ ಬಿಸಿಲಿನಲ್ಲಿ!). ಸೊಪ್ಪಿನ ಗಾಡಿಯವನು ಗಾಡಿ ನಿಲ್ಲಿಸಿ, ಚರಂಡಿಯ ಚಪ್ಪಡಿ ಎತ್ತಿ ನೋಡೋಣವೇ ಎಂದು ಕೇಳಿದ. ಯಲಹಂಕದ ಹಳೇ ಬೀದಿಗಳ ಜನ ಹೀಗೇ. ಕರೆದರೆ ಬರುವುದಿಲ್ಲ, ಕರೆಯದಿದ್ದರೆ ಬಿಡುವುದಿಲ್ಲ.

"ಏನೂ ಬಿದ್ದಿಲ್ಲ ಕಣ್ರೀ," ಎಂದೆ, ನೆಲಕ್ಕೇ. "ಕಣ್ಣಿಗೆ ಗ್ಯಾಸ್ ತುಂಬಿಸ್ಕೊಂಡು ಬಂದಿದೀನಿ. ತಲೆ ಎತ್ತೋ ಹಾಗಿಲ್ಲ."

ಮೇಷ್ಟ್ರು ಟಾರ್ಚ್ ಆರಿಸಿದರು.

"ಗ್ಯಾಸಾ?" ಎಂದಳು ಮುನಿಯಮ್ಮ. "ಒಟ್ಟೆಗಾಗೋದು ಕೇಳಿದ್ದೆ. ನಿಮ್ಗೆ ಕಣ್ಗೂ ಅತ್ತೋಯ್ತಾ? ಆಲೂಗಡ್ಡೆ ತಿಂದ್ರಾ?"

ಅವತ್ತು ಸಂಜೆ ಅವಳ ಮನೆಯಿಂದ ಫ್ಲಾಸ್ಕ್ ತುಂಬ ಜೀರಿಗೆ ಕಷಾಯ ಬಂತು. ಕುಡಿದೆ. ಏಕೆ ಬೇಡ ಎನ್ನಲಿ? ಕಣ್ಣಿಗಲ್ಲದಿದ್ದರೆ ಹೊಟ್ಟೆಗಾದರೂ ಆಯಿತು.

ಪತ್ರಿಕೆಯ ಈ ಮೂಲೆಯಲ್ಲಿ ಕೆಲವು ವಾರ ನಾನು ಕಾಣಲಿಲ್ಲವಲ್ಲ, ಕಾರಣ ಇದೇ. "ಜಯಮ್ಮ ಹೋದಳಾ?" ಎಂದು ಒಬ್ಬರು ಪತ್ರಿಕೆಯ ಆಫೀಸಿಗೆ ಫೋನ್ ಮಾಡಿ ಕೇಳಿದರಂತೆ. ಹೋಗಿಲ್ಲ. ಇದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇಷ್ಟು ವರ್ಷ ನಿಮ್ಮ ತಲೆ ತಿಂದಿದ್ದೇನೆ, ಅಷ್ಟು ಸುಲಭವಾಗಿ ಬಿಟ್ಟು ಹೋಗುವೆನೇ? ಈ ವಾರದ್ದನ್ನು ನಾನು ಬಾಯಲ್ಲಿ ಹೇಳಿದ್ದೇನೆ, ಮಗಳು ಶೋಭಾ ಮೊಬೈಲಿನಲ್ಲಿ ಒತ್ತಿದ್ದಾಳೆ. ತಪ್ಪುಗಳಿದ್ದರೆ ಅವಳವು. ಚೆನ್ನಾಗಿದ್ದರೆ ನನ್ನದು.

ಇನ್ನೊಂದು ವಿಷಯ. ನಾನು ಅಜ್ಜಿಯಾದೆ! ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಶೋಭಾಳಿಗೆ ಹೆಣ್ಣು ಮಗು. ತಲೆ ತುಂಬ ಕೂದಲು. ಅಳು ಶುರುವಾದರೆ ಏರ್‌ಫೋರ್ಸ್‌ನವರ ವಿಮಾನ ಬಂತೆಂದು ಬೀದಿಯವರು ಮೇಲೆ ನೋಡುತ್ತಾರೆ. ಹೆಸರಿನ್ನೂ ಗಟ್ಟಿಯಾಗಿಲ್ಲ. ಸದ್ಯಕ್ಕೆ ಚಿನ್ನು.

ಈಗ ಕಣ್ಣಿನ ಕಥೆಗೆ ಬರುತ್ತೇನೆ.

ನನ್ನ ಎಡಗಣ್ಣು ಹುಟ್ಟಿನಿಂದಲೂ ಸೋಮಾರಿ. ಬೆಳಕು, ನೆರಳು, ಯಾರೋ ಬಂದರು ಎಂಬಷ್ಟು ಹೇಳುತ್ತದೆ. ಬಂದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ದುಡಿಯುವುದೆಲ್ಲ ಬಲಗಣ್ಣು. ಸೂಜಿಗೆ ದಾರ ಪೋಣಿಸಿದ್ದು, ಅಕ್ಕಿಯಲ್ಲಿ ಕಲ್ಲು ಆರಿಸಿದ್ದು, ಮೂರನೇ ಕ್ಲಾಸಿನ ಓದನ್ನು ಹಿಗ್ಗಿಸಿ ಹಿಗ್ಗಿಸಿ ಪೇಪರ್ ಓದಿದ್ದು ಎಲ್ಲ ಅದೊಂದೇ ಕಣ್ಣು. ಆ ಕಣ್ಣು ಹೋದ ವರ್ಷದ ಕೊನೆಗೆ ತಕರಾರು ತೆಗೆಯಿತು.

ಮೊದಲು ನಮ್ಮ ಬೀದಿಯ ಕರೆಂಟ್ ಕಂಬ ನಡುವೆ ಸೊಟ್ಟಗೆ ಕಂಡಿತು. ಬೆಂಗಳೂರಿನಲ್ಲಿ ಕಂಬ ಸೊಟ್ಟಗೆ ಕಂಡರೆ ಯಾರು ಕಣ್ಣಿನ ಡಾಕ್ಟರ ಬಳಿ ಹೋಗುತ್ತಾರೆ? ನೆಟ್ಟಗೆ ಕಂಡಿದ್ದರೆ ಹೋಗುತ್ತಿದ್ದೆನೇನೋ. ಆಮೇಲೆ ಬಾಗಿಲ ಚೌಕಟ್ಟು ಸೊಂಟ ಬಳುಕಿಸಿತು. ಮನೆ ಕಟ್ಟಿದ ಮೇಸ್ತ್ರಿಗೆ ಮನಸ್ಸಿನಲ್ಲೇ ಎರಡು ಮಾತು ಬೈದು ಸುಮ್ಮನಾದೆ.

ಆಮೇಲೆ ನಮ್ಮ ಯಜಮಾನರ ಮೂಗು ಹೋಯಿತು.

ನಿಜವಾಗಿಯೂ. ಕಿವಿ ಇದೆ, ಬಕ್ಕತಲೆ ಇದೆ, ಗಲ್ಲದ ಮೇಲೆ ಬೋಳಿಸದ ಬಿಳಿ ಗಡ್ಡ ಇದೆ. ನಡುವೆ ಏನೂ ಇಲ್ಲ. ರಂಗೋಲಿಯ ಮೇಲೆ ಯಾರೋ ಕಾಲಿಟ್ಟು ಹೋದ ಹಾಗೆ ಕಲಸಿಹೋಗಿದೆ. ಆಗಲೂ ನಾನು ಡಾಕ್ಟರ ಬಳಿ ಹೋಗಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನ ಮುಖ ಸರಿಯಾಗಿ ಕಾಣಿಸುತ್ತಿಲ್ಲವೆಂದು ಯಾವ ಹೆಂಗಸು ಆಸ್ಪತ್ರೆಗೆ ಓಡುತ್ತಾಳೆ, ನೀವೇ ಹೇಳಿ.

ಹೀಗೆ ನಗುನಗುತ್ತಾ ಕಳೆದುಬಿಟ್ಟೆ. ಅಷ್ಟರಲ್ಲಿ ಚಿನ್ನು ಹುಟ್ಟಿದಳು.

ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ನನ್ನ ಕೈಗಿಟ್ಟಳು. ಸುತ್ತ ನಿಂತವರೆಲ್ಲ ಹುಬ್ಬು ಅವರದ್ದು, ತುಟಿ ಇವರದ್ದು ಎಂದು ಪಾಲು ಹಂಚತೊಡಗಿದರು. ನಾನು ಬಗ್ಗಿ ನೋಡಿದೆ. ಬಟ್ಟೆಯ ಅಂಚು ಕಂಡಿತು. ಕೂದಲು ಕಂಡಿತು. ಗಲ್ಲ ಕಂಡಿತು. ನಡುವೆ, ಮುಖ ಇರಬೇಕಾದ ಜಾಗದಲ್ಲಿ, ಅದೇ ಕಲಸಿದ ರಂಗೋಲಿ.

ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ನೋಡಬೇಕೆಂದ ಕಡೆಗೇ ತೂತು ಬಂದು ಕೂರುತ್ತಿತ್ತು. ನೋಡದಿದ್ದ ಕಡೆಯೆಲ್ಲ ಚೆನ್ನಾಗಿ ಕಾಣುತ್ತಿತ್ತು. ಇಂಥ ಅನ್ಯಾಯ ಉಂಟೇ? ಕಣ್ಣೀರು ಬಂದುಬಿಟ್ಟಿತು. "ನೋಡಿ, ಅಜ್ಜಿಗೆ ಎಷ್ಟು ಖುಷಿ," ಎಂದಳು ನರ್ಸ್. ಹೌದಮ್ಮ ಎಂದೆ. ಸುಳ್ಳೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಸಿಕ್ಕಿಬಿದ್ದೆ. ಮಗು ನನ್ನ ತೊಡೆಯ ಮೇಲಿತ್ತು. ನಾನು ಎಂದಿನ ಹಾಗೆ, "ಅಯ್ಯೋ ಬಂಗಾರ, ನನ್ನೇ ನೋಡಿ ನಗ್ತಾ ಇದೆ ಕಣೇ!" ಎಂದೆ.

ಶೋಭಾ ಬಗ್ಗಿ ಮಗುವನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಅಮ್ಮಾ, ಅವಳು ಕಣ್ಣು ಮುಚ್ಚಿ ನಿದ್ದೆ ಮಾಡ್ತಿದಾಳೆ," ಎಂದಳು.

"ನಿದ್ದೇಲೂ ನಗ್ತಾವೆ ಮಕ್ಕಳು."

"ಬಾಯಲ್ಲಿ ಬೆರಳಿಟ್ಕೊಂಡಿದಾಳೆ ಅಮ್ಮ. ಹೇಗೆ ನಗ್ತಾಳೆ? ನಿಂಗೆ ಅವಳ ಮುಖ ಕಾಣ್ತಿಲ್ಲ ಅಲ್ವಾ?"

ಮಾರನೆಯ ದಿನವೇ ಹೆಬ್ಬಾಳದ ಕಡೆಯ ಒಂದು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದರು, ನಮ್ಮ ಯಜಮಾನರು.

ಕಣ್ಣಿನೊಳಗಿನ ಫೋಟೊ ತೆಗೆದರು. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರು. ಫೋಟೊ ನೋಡಿ, "ಅಜ್ಜಿ, ಕಣ್ಣಿನ ಹಿಂದೆ ಒಂದು ಪರದೆ ಇದೆ," ಎಂದರು. "ಸಿನಿಮಾ ಪರದೆ ಥರ. ನಾವು ನೋಡೋದೆಲ್ಲ ಅದರ ಮೇಲೆ ಬೀಳುತ್ತೆ. ನಿಮ್ಮ ಪರದೆಯ ನಟ್ಟನಡುವೆ ಸಣ್ಣ ತೂತು ಬಿದ್ದಿದೆ."

"ಪೊರೆ ತಾನೇ ಮೇಡಂ? ಹತ್ತು ನಿಮಿಷದಲ್ಲಿ ತೆಗೀತಾರಂತಲ್ಲ," ಎಂದರು ಯಜಮಾನರು. (ಅವರ ಎರಡೂ ಕಣ್ಣಿನ ಪೊರೆ ತೆಗೆದಾಗಿದೆ. ಹಾಗಾಗಿ ತಮ್ಮನ್ನು ಅರ್ಧ ಡಾಕ್ಟರೆಂದು ತಿಳಿದಿದ್ದಾರೆ.)

"ಪೊರೆ ಮುಂದೆ ಬರೋದು ಸರ್. ಇದು ಹಿಂದೆ ಇರೋ ಪರದೆ. ಬೇರೆ ಆಪರೇಷನ್ನು."

"ತೂತಿಗೆ ತೇಪೆ ಹಾಕ್ತೀರಾ ಡಾಕ್ಟ್ರಮ್ಮ?" ಎಂದು ಕೇಳಿದೆ.

ಅವರು ನಕ್ಕರು. ತೇಪೆ ಹಾಕುವುದಿಲ್ಲವಂತೆ. ಕಣ್ಣಿನೊಳಗೆ ಲೋಳೆಯಂಥದ್ದು ತುಂಬಿರುತ್ತದೆ, ಅದನ್ನು ತೆಗೆಯುತ್ತಾರೆ. ತೂತಿನ ಸುತ್ತ ಇರುವ ಬಲು ತೆಳ್ಳನೆಯ ಪದರವನ್ನು ಸುಲಿಯುತ್ತಾರೆ. ಆಮೇಲೆ ಒಂದು ಗ್ಯಾಸ್ ಗುಳ್ಳೆ ತುಂಬುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುವುದು. ತೂತು ಇರುವುದು ಕಣ್ಣಿನ ಹಿಂಭಾಗದಲ್ಲಿ. ನಾನು ಮುಖ ಕೆಳಗೆ ಮಾಡಿದರೆ ಹಿಂಭಾಗ ಮೇಲಾಗುತ್ತದೆ. ಗುಳ್ಳೆ ಅಲ್ಲಿಗೆ ಹೋಗಿ ತೂತನ್ನು ಒತ್ತಿ ಹಿಡಿಯುತ್ತದೆ, ತೂತು ತಾನಾಗಿ ಕೂಡಿಕೊಳ್ಳುತ್ತದೆ. ಎಷ್ಟು ಚೆನ್ನಾಗಿದೆ ನೋಡಿ! ಮೇಸ್ತ್ರಿಗಳು ಮಟ್ಟ ನೋಡುವ ರಸಮಟ್ಟದ ಗುಳ್ಳೆಗೆ ಇರುವ ಬುದ್ಧಿಯನ್ನೇ ಹಿಡಿದು ಕಣ್ಣಿಗೆ ಕೆಲಸ ಕೊಟ್ಟಿದ್ದಾರೆ.

"ಅದಕ್ಕೆ ಆಪರೇಷನ್ ಆದ್ಮೇಲೆ ಕೆಲವು ದಿನ ನೀವು ತಲೆ ತಗ್ಗಿಸಿಕೊಂಡೇ ಇರ್ಬೇಕು. ಕೂತಾಗ, ನಡೆಯುವಾಗ, ಮಲಗುವಾಗ. ಅಂಗಾತ ಮಲಗೋ ಹಾಗೇ ಇಲ್ಲ."

ಯಜಮಾನರು ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. "ಮೇಡಂ, ಇವಳು ತಲೆ ತಗ್ಗಿಸಿದ್ದನ್ನ ತಾಳಿ ಕಟ್ಟೋವಾಗ ಒಂದೇ ಸಲ ನೋಡಿದ್ದು ನಾನು. ದಯವಿಟ್ಟು ಒಂದು ತಿಂಗಳು ಹೇಳಿಬಿಡಿ."

"ನೀವು ಹೊರಗೆ ಕೂತ್ಕೊಳ್ಳಿ ರೀ," ಎಂದೆ.

ಅವರು ಹೊರಗೆ ಹೋದ ಮೇಲೆ ನಿಜ ಕೇಳಿದೆ. "ಡಾಕ್ಟ್ರಮ್ಮ, ನಂಗಿರೋದು ಒಂದೇ ಕಣ್ಣು. ಮೊಮ್ಮಗಳ ಮುಖ ಕಾಣುತ್ತಾ?"

ಅವರು ತಕ್ಷಣ ಹೂಂ ಎನ್ನಲಿಲ್ಲ. ಅದೇ ನನಗೆ ಹಿಡಿಸಿತು. "ತೂತು ಮುಚ್ಚಿಕೊಳ್ಳೋ ಸಾಧ್ಯತೆ ಚೆನ್ನಾಗಿದೆ ಅಜ್ಜಿ. ಆದರೆ ಎಲ್ಲರಿಗೂ ಮುಚ್ಚಲ್ಲ. ಮುಚ್ಚಿದ್ರೂ ದೃಷ್ಟಿ ಎಷ್ಟು ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ನಿಧಾನವಾಗಿ ಬರುತ್ತೆ. ತಡ ಮಾಡಿದಷ್ಟೂ ಕಷ್ಟ."

ಮನೆಯಲ್ಲಿ ದೊಡ್ಡ ಜಗಳ. ಬಾಣಂತನ ತವರಿನ ಹಕ್ಕು. ಮಗಳು ಹೆತ್ತು ಮನೆಗೆ ಬಂದಿದ್ದಾಳೆ, ಎಣ್ಣೆ ಹಚ್ಚಿ ನೀರು ಹಾಕಬೇಕಾದವಳು ನಾನು. ಕೆಂಡ ಹಾಕಿ ಸಾಂಬ್ರಾಣಿ ಹೊಗೆ ಕೊಡಬೇಕಾದವಳು ನಾನು. ಬಾಣಂತನ ಮುಗಿಯಲಿ, ಆಮೇಲೆ ಕಣ್ಣು ಎಂದೆ. ಶೋಭಾ ಒಪ್ಪಲಿಲ್ಲ. "ನನ್ನ ಮಗಳ ಮುಖ ನೋಡದ ಅಜ್ಜಿ ಕೈಲಿ ನಂಗೆ ಬಾಣಂತನ ಬೇಡ," ಎಂದು ನೇರವಾಗಿ ಹೇಳಿದಳು. ಅವಳಿಗೂ ನನ್ನದೇ ಬಾಯಿ, ಏನು ಮಾಡಲಿ?

ಹಾಗಾಗಿ ನಮ್ಮ ಮನೆಗೆ ಬೀಗಿತ್ತಿ ಬಂದರು.

ಬೀಗಿತ್ತಿ ಎಂದರೆ ಅಳಿಯನ ತಾಯಿ. ಗದಗದ ಕಡೆಯವರು. ಅಳಿಯನಿಗೆ ಇಲ್ಲಿಯ ಕಾಲೇಜಿನಲ್ಲಿ ಕೆಲಸವಾದ ಮೇಲೆ ಆರ್.ಟಿ. ನಗರದಲ್ಲಿ ಮನೆ ಮಾಡಿದ್ದಾರೆ. ಬೀಗಿತ್ತಿ ತವರಿನ ಬಾಣಂತನ ಮಾಡುವುದನ್ನು ನಾನಂತೂ ಎಲ್ಲೂ ಕೇಳಿಲ್ಲ. ಅವರೂ ಕೇಳಿರಲಿಲ್ಲ. ಆದರೂ ಒಂದು ಚೀಲದಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಅಂಟಿನುಂಡೆ ಹಿಡಿದು ಆಟೋ ಇಳಿದರು. ನನ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಸಿಕ್ಕಿಸಿದರು.

"ಅಕ್ಕಾರ, ನೀವು ಕೆಳಗ ನೋಡ್ಕೋತ ಕೂಡ್ರಿ. ಮ್ಯಾಲಿಂದೆಲ್ಲಾ ನಾ ನೋಡ್ಕೋತೀನಿ."

ಇದಕ್ಕೆ ನಗಬೇಕೋ ಅಳಬೇಕೋ?

ಆಪರೇಷನ್ನಿನ ಬಗ್ಗೆ ಹೆದರಿಸುವಂಥದ್ದೇನೂ ನನ್ನ ಬಳಿ ಇಲ್ಲ. ಕಣ್ಣಿನ ಪಕ್ಕ ಒಂದು ಸೂಜಿ. ಆಮೇಲೆ ಮರಗಟ್ಟಿದ ಹಾಗೆ. ಎಚ್ಚರವಾಗೇ ಇದ್ದೆ. ಮುಖದ ಮೇಲೆ ಬಟ್ಟೆ, ಕಣ್ಣಿನೊಳಗೆ ದೀಪಾವಳಿ. ಡಾಕ್ಟರಮ್ಮ ಕೆಲಸ ಮಾಡುತ್ತಲೇ ಜೊತೆಯವರ ಬಳಿ ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕಿನ ಬಗ್ಗೆ ಗೊಣಗುತ್ತಿದ್ದರು. ನಾನು ಬಟ್ಟೆಯೊಳಗಿನಿಂದಲೇ, "ಮೇಲೆ ಹತ್ಬೇಡಿ ಡಾಕ್ಟ್ರಮ್ಮ, ಸರ್ವೀಸ್ ರೋಡ್ ಹಿಡೀರಿ," ಎಂದೆ.

"ಅಜ್ಜಿ, ಮಾತಾಡ್ಬೇಡಿ. ತಲೆ ಅಲ್ಲಾಡುತ್ತೆ."

ಜೀವನದಲ್ಲಿ ನನ್ನ ಬಾಯಿ ಮುಚ್ಚಿಸಿದ ಮೊದಲ ಮನುಷ್ಯರು ಅವರು.

ಹೊರಡುವಾಗ ಕೈಗೊಂದು ಪಟ್ಟಿ ಕಟ್ಟಿದರು, ಕಣ್ಣಲ್ಲಿ ಗ್ಯಾಸ್ ಇದೆ ಎಂದು ಬೇರೆ ಡಾಕ್ಟರುಗಳಿಗೆ ತಿಳಿಯಲಿ ಎಂದು. ಗ್ಯಾಸ್ ಕರಗುವವರೆಗೆ ಬೆಟ್ಟ ಹತ್ತಬಾರದು, ವಿಮಾನ ಹತ್ತಬಾರದು, ಮೇಲೆ ಹೋದರೆ ಗುಳ್ಳೆ ಉಬ್ಬುತ್ತದೆ, ಕಣ್ಣಿಗೆ ಅಪಾಯ ಎಂದರು. ಯಲಹಂಕದಲ್ಲೇ ಹುಟ್ಟಿ ಬೆಳೆದ ನಾನು ವಿಮಾನದ ಹೊಟ್ಟೆ ಮಾತ್ರ ನೋಡಿದವಳು. ಆದರೂ, "ಆಗ್ಲಿ, ಈ ತಿಂಗಳು ಎಲ್ಲೂ ಹಾರಲ್ಲ ಬಿಡಿ," ಎಂದು ಮಾತು ಕೊಟ್ಟೆ.

ಆಮೇಲೆ ಶುರುವಾಯಿತು ಕತ್ತು ಬಗ್ಗಿಸುವ ಕೆಲಸ. ಕೆಲಸ ಎಂದೇ ಹೇಳುತ್ತೇನೆ. ರಾಗಿ ಬೀಸಿದ್ದೇನೆ, ನೀರು ಹೊತ್ತಿದ್ದೇನೆ. ಇಷ್ಟು ದಣಿದಿರಲಿಲ್ಲ. ಹಗಲು ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ಮಲಗುವಾಗ ಬೋರಲು, ಮುಖ ಮಂಚದ ಅಂಚಿನಿಂದ ಆಚೆಗೆ. ಕಾಫಿಗೆ ಎಳನೀರಿನ ಸ್ಟ್ರಾ. ಮುದ್ದೆ ಮಾತ್ರ ಸಲೀಸು. ನುಂಗುವ ಪದಾರ್ಥ, ಕತ್ತು ಎತ್ತಿದರೇನು, ಬಗ್ಗಿಸಿದರೇನು.

ಬಲಗಣ್ಣಿಗೆ ಗ್ಯಾಸಿನ ಮಬ್ಬು. ಎಡಗಣ್ಣು ಎಂದಿನ ಸೋಮಾರಿ. ಬಂದವರನ್ನು ಕಾಲ ಸದ್ದಿನಿಂದ ಗುರುತು ಹಿಡಿಯತೊಡಗಿದೆ. ಯಜಮಾನರು ಕಾಲೆಳೆಯುತ್ತಾರೆ. ಬೀಗಿತ್ತಿ ಧಪಧಪ. ಶೋಭಾಳದ್ದು ಕಾಲುಂಗುರದ ಟಿಕ್‌ಟಿಕ್. ಚಿನ್ನುಗೆ ಇನ್ನೂ ಕಾಲು ಕೆಲಸಕ್ಕೆ ಬಂದಿಲ್ಲ, ಅವಳಿಗೆ ಬಾಯಿ ಸಾಕು. ನನ್ನ ಮಂಚದ ಕೆಳಗೆ ಚಾಪೆ ಹಾಸಿ ಅವಳನ್ನು ಮಲಗಿಸುತ್ತಿದ್ದರು. ನಾನು ಮೇಲಿನಿಂದ ಮಾತಾಡುವುದು, ಅವಳು ಕೆಳಗಿನಿಂದ ಹೂಂಗುಟ್ಟುವುದು. ಕೈ ಇಳಿಬಿಟ್ಟರೆ ಬೆರಳು ಹಿಡಿದುಕೊಳ್ಳುತ್ತಿದ್ದಳು. ಮುಖ ಒಂದು ಬಿಟ್ಟು ಎಲ್ಲ ಗೊತ್ತಾಯಿತು ನನಗೆ ಅವಳ ಬಗ್ಗೆ.

ಒಂದು ಮಧ್ಯಾಹ್ನ ರಾಜಾನುಕುಂಟೆಯಿಂದ ನಾದಿನಿ ಬಂದಳು. ಯಜಮಾನರ ದೊಡ್ಡಪ್ಪನ ಮಗಳು. ಆಪರೇಷನ್ನಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಮಗು ನೋಡಲೆಂದು ಬಂದವಳು ನಡುಮನೆಯಲ್ಲಿ ತಲೆ ತಗ್ಗಿಸಿ ಕೂತ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಹತ್ತಿರ ಬಂದು ಬೆನ್ನು ಸವರಿದಳು.

"ಓಗ್ಲಿ ಬಿಡಕ್ಕ. ಎಣ್ಣಾಯ್ತು ಅಂತ ಇಂಗೆ ತಲೆ ತಗ್ಸ್ಕಂಡ್ ಕೂತ್ರೆ ಆಯ್ತದಾ? ಮುಂದಿನ್ ಸಲ ಗಂಡಾಯ್ತದೆ. ತಲೆ ಎತ್ತು."

ಕೇಳಿದಿರಾ? ನನ್ನ ಚಿನ್ನು, ನನ್ನ ಏರ್‌ಫೋರ್ಸ್, ಕೆಳಗೆ ಚಾಪೆಯ ಮೇಲೆ ಕಾಲು ಬಡಿಯುತ್ತಿದ್ದಾಳೆ. ಅವಳು ಹುಟ್ಟಿದಳೆಂದು ನಾನು ತಲೆ ತಗ್ಗಿಸಿದ್ದೇನಂತೆ! ಮೈಯೆಲ್ಲ ಉರಿಯಿತು. ಇಂಥ ಮಾತಿಗೆ ಮುಖಕ್ಕೆ ಮುಖ ಕೊಟ್ಟೇ ಉತ್ತರ ಹೇಳಬೇಕು. ಕತ್ತು ಎತ್ತಿಯೇಬಿಟ್ಟಿದ್ದೆ. ಅಷ್ಟರಲ್ಲಿ ನೆತ್ತಿಯ ಮೇಲೆ ಒಂದು ಕೈ ಬಿತ್ತು. ಒತ್ತಿ ಕೆಳಗೆ ತಂದಿತು. ಎಣ್ಣೆ ವಾಸನೆಯ ಕೈ. ಬೀಗಿತ್ತಿ.

"ನೀವು ಬಗ್ಗೇ ಇರ್ರಿ ಅಕ್ಕಾರ, ಗುಳ್ಳಿ ಸರದೀತು. ಬೈಯೂದು ನಾ ಬೈತೇನಿ." ನಾದಿನಿಯ ಕಡೆ ತಿರುಗಿದರು. "ಏನವಾ, ಹೆಣ್ಣ ಹುಟ್ಟಿದ್ರ ತಲಿ ತಗ್ಗಸಬೇಕೇನ? ನೀ ಹುಟ್ಟಿದಾಗ ನಿಮ್ಮವ್ವ ಎಷ್ಟ ದಿನಾ ತಗ್ಗಿಸಿದ್ಲು? ಆಕಿ ಕಣ್ಣಾಗ ಗ್ಯಾಸ್ ಐತಿ, ನಿನ್ನ ತಲ್ಯಾಗ ಏನೈತಿ?"

ನಾದಿನಿ ಪಾಪ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ. ನನಗೆ ಬೀಗಿತ್ತಿಯ ಮೇಲೆ ಅವತ್ತು ಬಂದ ಪ್ರೀತಿ ಇನ್ನೂ ಇಳಿದಿಲ್ಲ. ಆದರೆ ಒಂದು ಯೋಚನೆ ಉಳಿಯಿತು. ಹೆಂಗಸು ತಲೆ ತಗ್ಗಿಸಿದರೆ ಜನಕ್ಕೆ ಹೊಳೆಯುವುದು ಎರಡೇ: ಒಂದೋ ಚಿನ್ನ ಕಳೆದುಕೊಂಡಿದ್ದಾಳೆ, ಇಲ್ಲವೇ ಮಾನ. ಕಣ್ಣು ಇರಬಹುದು ಎಂದು ಒಬ್ಬರಿಗೂ ಹೊಳೆಯುವುದಿಲ್ಲ.

ಅದೇ ಕೈಯಲ್ಲಿ ಮೊಬೈಲ್ ಹಿಡಿದು ತಲೆ ತಗ್ಗಿಸಿದರೆ? ತಪಾಸಣೆಗೆ ಹೋಗುವಾಗ ಆಟೋ ಹೆಬ್ಬಾಳದಲ್ಲಿ ನಿಂತಿತು (ನಿಲ್ಲದೆ ಇರುತ್ತದೆಯೇ). "ಬಸ್ ಸ್ಟಾಪಲ್ಲಿ ಎಲ್ಲರೂ ನಿನ್ನ ಥರಾನೇ ನಿಂತವ್ರೆ ಕಣೇ," ಎಂದರು ಯಜಮಾನರು. "ಒಬ್ರೂ ತಲೆ ಎತ್ತಿಲ್ಲ." ಅವರಿಗೆಲ್ಲ ಯಾವ ಗ್ಯಾಸ್ ತುಂಬಿದ್ದಾರೋ? ಅವರನ್ನು ನೋಡಿ ಏನು ಬಿದ್ದೋಯ್ತೆಂದು ಯಾರೂ ಕೇಳುವುದಿಲ್ಲ.

ತಪಾಸಣೆಯಲ್ಲಿ, ಇನ್ನು ಕತ್ತು ಎತ್ತಬಹುದು, ಅಂಗಾತ ಮಾತ್ರ ಮಲಗಬೇಡಿ ಎಂದರು. ತೂತು ಮುಚ್ಚಿತೇ ಎಂದರೆ, ಗ್ಯಾಸ್ ಕರಗಲಿ, ಆಮೇಲೆ ಫೋಟೊ ತೆಗೆದು ಹೇಳುತ್ತೇವೆ ಎಂದರು. ಯಜಮಾನರ ಮುಖ ಸಪ್ಪಗಾಯಿತಂತೆ, ಅವರೇ ಹೇಳಿದರು. ಅವರ ಆಳ್ವಿಕೆ ಮುಗಿದಿತ್ತಲ್ಲ.

ಗ್ಯಾಸ್ ಕರಗುವುದೊಂದು ತಮಾಷೆ. ಮೊದಲು ಎಲ್ಲ ಮಬ್ಬು. ಆಮೇಲೆ ಒಂದು ದಿನ ಕಣ್ಣಿನ ಮೇಲ್ಗಡೆಯಿಂದ ಒಂದು ಬೆಳಕಿನ ಪಟ್ಟಿ ತೆರೆಯಿತು. ಅದರ ಕೆಳಗೆ ಒಂದು ಗೆರೆ, ಸಂಪಿನ ನೀರು ಕುಲುಕಿದ ಹಾಗೆ ಕುಲುಕುತ್ತದೆ. ಗೆರೆಯ ಮೇಲೆ ಕಾಣುತ್ತದೆ, ಕೆಳಗೆ ಇಲ್ಲ. ದಿನ ಕಳೆದಂತೆ ಗೆರೆ ಇಳಿಯುತ್ತದೆ. (ಪರದೆಯ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದಂತೆ, ಹಾಗಾಗಿ ಮೇಲಿರುವ ಗುಳ್ಳೆ ನಮಗೆ ಕೆಳಗೆ ಕಾಣುವುದು.)

ಚಿನ್ನುವನ್ನು ಎದುರಿಗೆ ಎತ್ತಿ ಹಿಡಿಯಿರಿ ಎನ್ನುತ್ತಿದ್ದೆ. ಮೊದಲು ಬರೀ ಕೂದಲು ಕಂಡಿತು. ಕೆಲವು ದಿನ ಬಿಟ್ಟು ಹಣೆ. ಕಂತಿನಲ್ಲಿ ಬರುವ ಮೊಮ್ಮಗಳು! ಅದೂ ನೇರ ನೋಟಕ್ಕಲ್ಲ, ಕಣ್ಣಿನ ಮೇಲಂಚಿನ ನೋಟಕ್ಕೆ. ನಟ್ಟನಡುವಿನ ಜಾಗದ ಮೇಲೆ ಗುಳ್ಳೆ ಇನ್ನೂ ಕೂತಿತ್ತು. ಮುಖ ಇರುವುದು ಅಲ್ಲಿ.

ಮಾತು ಕಡಿಮೆಯಾಯಿತು ನನಗೆ ಆ ದಿನಗಳಲ್ಲಿ. ಮನೆಯವರು ಗಾಬರಿಯಾದರು. ಗುಳ್ಳೆ ಹೋದ ಮೇಲೂ ಅಲ್ಲಿ ಕಲಸಿದ ರಂಗೋಲಿಯೇ ಇದ್ದರೆ? ಇರುವುದು ಒಂದೇ ಕಣ್ಣು. ಚಿನ್ನು ಅಂಬೆಗಾಲಿಡುತ್ತಾಳೆ, ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ, ನನಗೆ ಮಾತ್ರ ಕಿವಿ ಮತ್ತು ಗಲ್ಲದ ಹುಡುಗಿ.

ಒಂದು ಬೆಳಿಗ್ಗೆ ಎದ್ದರೆ ಗೆರೆ ಇಲ್ಲ. ಗುಳ್ಳೆ ಮಣಿಯಷ್ಟಾಗಿ ಕೆಳಗೆಲ್ಲೋ ಕುಣಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಮಾರನೆಯ ದಿನ ಆಸ್ಪತ್ರೆಯಲ್ಲಿ ಫೋಟೊ. ಮಾರನೆಯ ದಿನದವರೆಗೆ ಕಾಯುವವಳೇ ನಾನು?

"ಶೋಭಾ, ಮಗು ಕೊಡೇ."

ಬಾಗಿಲ ಬಳಿ ಬೆಳಕಿಗೆ ಕೂತೆ. ಮಗುವನ್ನು ಎದುರಿಗೆ ಹಿಡಿದೆ. ನೇರವಾಗಿ ನೋಡಿದೆ.

ಕಪ್ಪು.

ಮುಖದ ಮೇಲೆ ಒಂದು ಕಪ್ಪು ಚುಕ್ಕೆ. ದುಂಡಗೆ. ಸುತ್ತ ಎಲ್ಲ ಮಂಜುಮಂಜಾಗಿ ಕಾಣುತ್ತಿದೆ, ಅದೊಂದು ಮಾತ್ರ ಗಟ್ಟಿಯಾಗಿ ಕೂತಿದೆ. ಕಣ್ಣು ಮುಚ್ಚಿ ತೆರೆದೆ. ಅಲ್ಲೇ ಇದೆ.

ನನ್ನ ಕತ್ತು ತಾನಾಗಿಯೇ ಬಗ್ಗಿತು. ಈ ಸಲ ಯಾವ ಡಾಕ್ಟರೂ ಹೇಳಿರಲಿಲ್ಲ.

"ಏನಾಯ್ತಮ್ಮ?" ಎಂದಳು ಶೋಭಾ.

"ತೂತು ಹಂಗೇ ಇದೆ ಕಣೇ. ಕಪ್ಪಗೆ."

ಯಜಮಾನರು ಕಾಲೆಳೆಯುತ್ತಾ ಬಂದು ನನ್ನ ಪಕ್ಕ ಕುಳಿತರು. ತಮಾಷೆಗೂ ಒಂದು ಮಾತು ಹೇಳಲಿಲ್ಲ. ಆಗ ನಿಜವಾಗಿಯೂ ಹೆದರಿಕೆಯಾಯಿತು. "ಹೋಗ್ಲಿ ಬಿಡು. ಇವತ್ತೇ ಹೋಗೋಣ ಆಸ್ಪತ್ರೆಗೆ. ಆಟೋ ಕರೀತೀನಿ," ಎಂದರು.

ಬೀಗಿತ್ತಿ ಒಳಗಿನಿಂದ ಧಪಧಪ ಬಂದರು. "ಎಲ್ಲಿ ಕಾಣಸ್ತದ್ರೀ ಕರೇದು? ತೋರಸ್ರಿ."

"ಮುಖದ ಮೇಲೆ ರೀ. ಇಲ್ಲಿ." ಬೆರಳಿಟ್ಟು ತೋರಿಸಿದೆ. ಬೆರಳು ಚಿನ್ನುವಿನ ಕೆನ್ನೆಗೆ ತಾಗಿತು. ಮೆತ್ತಗೆ, ಜಿಡ್ಡುಜಿಡ್ಡಾಗಿ.

ಕೈ ಹಿಂದಕ್ಕೆ ತೆಗೆದೆ. ಬೆರಳ ತುದಿ ಕಪ್ಪಾಗಿತ್ತು.

ಬೆರಳನ್ನೇ ನೋಡಿದೆ. ಮಗುವನ್ನು ನೋಡಿದೆ. ಕೆನ್ನೆಯ ಮೇಲಿನ ದುಂಡು ಚುಕ್ಕೆಗೆ ಈಗ ಬಾಲ ಬಂದಿತ್ತು.

"ಅಯ್ಯ ನಮ್ಮವ್ವ!" ಬೀಗಿತ್ತಿ ಎದೆಗೆ ಕೈಯಿಟ್ಟುಕೊಂಡರು. "ಅದು ನಾ ಹಚ್ಚಿದ ದೃಷ್ಟಿ ಬೊಟ್ಟ ರೀ ಅಕ್ಕಾರ! ಕಾಡಿಗಿ! ಕೂಸಿಗೆ ದಿನಾ ಎರದ ಮ್ಯಾಲ ಹಚ್ತೇನಿ. ನಿಮಗ ಇಷ್ಟ ದಿನಾ ಕಂಡೇ ಇದ್ದಿಲ್ಲೇನ?"

ಕಂಡಿರಲಿಲ್ಲ. ಹೇಗೆ ಕಾಣಬೇಕು? ಮುಖವೇ ಕಾಣದವಳಿಗೆ ಮುಖದ ಮೇಲಿನ ಚುಕ್ಕೆ ಹೇಗೆ ಕಾಣಬೇಕು? ದಿನಾ ಅಲ್ಲೇ ಇತ್ತಂತೆ. ಇವತ್ತು ಕಂಡಿತು.

ಯಜಮಾನರಿಗೆ ಮೊದಲು ಹೊಳೆಯಿತು. "ಲೇ, ಬೊಟ್ಟು ಕಂಡಿದೆ ಅಂದ್ರೆ ತೂತು ಮುಚ್ಚಿದೆ ಕಣೇ!" ಎಂದು ಕೂಗಿದ ಕೂಗಿಗೆ ಚಿನ್ನು ಬೆಚ್ಚಿ ಅಳಲು ಬಾಯಿ ತೆರೆದಳು. ಆ ಬಾಯಿ ನನಗೆ ಕಂಡಿತು! ತುಸು ಸೊಟ್ಟಗೆ, ತುಸು ಮಂಜಾಗಿ, ಆದರೆ ಕಂಡಿತು. ಮೇಲ್ದುಟಿಯ ನಡುವೆ, ಹಾಲು ಕುಡಿದು ಕುಡಿದು ಎದ್ದ ಪುಟ್ಟ ಗುಳ್ಳೆ. ಗಂಟಿಕ್ಕಿದ ಹುಬ್ಬು, ಚಿಲ್ಲರೆ ಇಲ್ಲವೆಂದು ಬೈಯುವ ಕಂಡಕ್ಟರಿನ ಹಾಗೆ. ಎರಡು ಕಣ್ಣು, ನೀರು ತುಂಬಿಕೊಂಡು, ನನ್ನನ್ನೇ ನೋಡುತ್ತಿದ್ದವು. ನಾನೂ ನೋಡಿದೆ. ಅವಳು ಅತ್ತಳು. ನಾನೂ ಅತ್ತೆ. ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಯಜಮಾನರ ಕಡೆ ತಿರುಗಿ ನೋಡಿದರೆ ಅವರ ಮೂಗೂ ವಾಪಸು ಬಂದಿತ್ತು, ಸುರಿಯುತ್ತಾ. ಮುನಿಯಮ್ಮ ಓಡಿಬಂದು, ಈ ಸಲ ಏನು ಬಿದ್ದೋಯ್ತು ಎಂದು ಕೇಳಿದಳು. ಸಿಕ್ತು ಕಣೇ, ಎಂದೆ.

ಮಾರನೆಯ ದಿನ ಡಾಕ್ಟರಮ್ಮ ಫೋಟೊ ತೋರಿಸಿದರು. ತೂತು ಮುಚ್ಚಿಕೊಂಡಿದೆ. ಗೆರೆಗಳು ಇನ್ನೂ ಕೆಲವು ತಿಂಗಳು ಸ್ವಲ್ಪ ಬಾಗಿ ಕಾಣಬಹುದು, ಮುಂದೆ ಪೊರೆ ಬೇಗ ಬೆಳೆಯಬಹುದು, ಅದನ್ನು ಆಗ ನೋಡಿಕೊಳ್ಳೋಣ ಎಂದರು. "ದೃಷ್ಟಿ ಚೆನ್ನಾಗಿ ಬರ್ತಿದೆ ಅಜ್ಜಿ," ಎಂದು ಬೆನ್ನು ತಟ್ಟಿದರು. ಆಟೋದಲ್ಲಿ ಬರುವಾಗ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದೆ. ಯಜಮಾನರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ಎಂದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಬೀಗಿತ್ತಿಗೆ ಕೂಗಿ ಹೇಳಿದೆ: "ದೃಷ್ಟಿ ಬಂತಂತೆ ರೀ! ಡಾಕ್ಟ್ರೇ ಹೇಳಿದ್ರು!"

"ಹೌದ್ರೀ? ಭಾಳ ಛಲೋ ಆತು," ಎಂದರು ಅವರು. ಎಂದವರೇ ಚಿನ್ನುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಡಿಗೆಯ ಡಬ್ಬಿ ತೆರೆದರು. ಕೆನ್ನೆಗೆ ಇಟ್ಟರು. ಸಾಲದೆಂದು ಹಣೆಗೆ ಇಟ್ಟರು. ಅಂಗಾಲಿಗೂ ಇಟ್ಟರು. ಒಂದೊಂದೂ ಉದ್ದಿನ ವಡೆಯ ತೂತಿನಷ್ಟು ದೊಡ್ಡದು.

"ಇದೇನ್ರೀ ಇಷ್ಟೊಂದು? ನಿನ್ನೆ ಒಂದೇ ಇತ್ತಲ್ಲ?"

"ನಿನ್ನೆ ನಿಮ್ಮ ಕಣ್ಣು ಪೂರಾ ಬಂದಿದ್ದಿಲ್ಲಲ್ರೀ ಅಕ್ಕಾರ," ಎಂದರು ಬೀಗಿತ್ತಿ, ಒಂಚೂರೂ ನಗದೆ. "ಇನ್ನ ಮ್ಯಾಲ ನೀವು ಮುಂಜಾನಿಂದ ಸಂಜಿತನಕ ಕೂಸಿನ್ನ ನೋಡ್ಕೋತ ಕೂಡೋರು. ನಿಮ್ಮ ದೃಷ್ಟಿನೇ ತಾಗ್ತದ."

ನಾನು ಚಿನ್ನುವನ್ನು ಅವರ ತೊಡೆಯಿಂದ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ನೀವೇ ಹೇಳಿ: ಇಷ್ಟು ದಿನ ಕತ್ತು ಬಗ್ಗಿಸಿ ಸಂಪಾದಿಸಿದ ದೃಷ್ಟಿ, ಮೊಮ್ಮಗಳಿಗೆ ತಾಗದೆ ಇನ್ಯಾರಿಗೆ ತಾಗಬೇಕು?